ಒಂದು ಬ್ಯಾಗಿಗೆ ಎರಡು ‘ಹೌದು’

ಫೆಬ್ರವರಿ ೩

ಪ್ರೀತಿಯ ತಮ್ಮನಿಗೆ,

ಈ ಕಾಗದ ನೋಡಿ ನಗಬೇಡ. ಅಕ್ಕನಿಗೆ ಫೋನ್ ಮಾಡುವುದು ಮರೆತುಹೋಯಿತೇ ಅಂತ ಅಮ್ಮನ ಹತ್ತಿರ ತಮಾಷೆ ಮಾಡಲೂ ಬೇಡ. ನಮ್ಮ ರಕ್ತನಿಧಿ ಕೇಂದ್ರಕ್ಕೆ ಹೊಸ ಡೇಟಾಬೇಸ್ ಆರಿಸುವ ಸಮಿತಿಯಲ್ಲಿ ನಾನಿದ್ದೇನೆ ಅಂತ ನಿನಗೆ ಗೊತ್ತು. ಕಡೆಗೆ ಕಣದಲ್ಲಿ ಉಳಿದ ಎರಡರಲ್ಲಿ ಒಂದು ನಿಮ್ಮ ಕಂಪನಿಯದು ಅಂತ ನಿನ್ನೆ ತಿಳಿಯಿತು. ಅದನ್ನು ಕಟ್ಟಿದ ತಂಡದಲ್ಲಿ ನನ್ನ ಒಡಹುಟ್ಟಿದವನೇ ಇದ್ದಾನೆ, ನನ್ನನ್ನು ಸಮಿತಿಯಿಂದ ಬಿಟ್ಟುಬಿಡಿ ಅಂತ ಸಭೆಯಲ್ಲೇ ಎದ್ದು ನಿಂತು ಹೇಳಿದೆ. ನಿರ್ದೇಶಕರು ಬಿಡಲಿಲ್ಲ. “ದಾಖಲೆ ವಿಭಾಗದ ಮುಖ್ಯಸ್ಥೆ ಇಲ್ದೆ ದಾಖಲೆ ಬಗ್ಗೆ ತೀರ್ಮಾನ ಮಾಡೋಕಾಗುತ್ತಾ? ನೀವಿರಿ. ಆದ್ರೆ ತಮ್ಮನ ಜೊತೆ ಏನೇ ಮಾತಿದ್ರೂ ಕಾಗದದಲ್ಲಿರ್ಲಿ. ಹೋಗೋದನ್ನೂ ನಾನು ಓದ್ತೀನಿ, ಬರೋದನ್ನೂ ನಾನು ಓದ್ತೀನಿ,” ಅಂದರು. ನನಗೂ ಅದೇ ಸರಿ ಅನ್ನಿಸಿತು. ಆದ್ದರಿಂದ ತೀರ್ಮಾನ ಆಗುವವರೆಗೆ ನಮ್ಮಿಬ್ಬರ ನಡುವೆ ಫೋನಿಲ್ಲ, ಭೇಟಿಯಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಈ ಕೇಂದ್ರಕ್ಕೆ ನಾನು ಸೇರಿದಾಗ ನಮ್ಮಲ್ಲಿದ್ದದ್ದು ಒಂದೇ ಊರಿನ ದಾನಿಗಳ ದಾಖಲೆ. ಈಗ ಶಾಖೆಗಳಾಗಿವೆ, ಆಸ್ಪತ್ರೆಗಳು ಸೇರುತ್ತಲೇ ಇವೆ. ಒಬ್ಬ ದಾನಿ ಒಮ್ಮೆ ಬಂದು ಹೋದರೆ ಅವನ ಹೆಸರು, ಪರೀಕ್ಷೆಗಳು, ಅವನು ಕೊಟ್ಟ ರಕ್ತದ ಬ್ಯಾಗು ಎಲ್ಲಿಟ್ಟಿತ್ತು, ಯಾರು ಕಾಯ್ದಿರಿಸಿದರು, ಯಾರ ಮೈಗೆ ಹೋಯಿತು ಅಂತ ಒಂದಕ್ಕೆ ಹತ್ತು ದಾಖಲೆ ಹುಟ್ಟುತ್ತವೆ. ಒಂದನ್ನೂ ಅಳಿಸುವಂತಿಲ್ಲ. ಈಗಿರುವ ವ್ಯವಸ್ಥೆ ತುಂಬು ಗರ್ಭಿಣಿ ಮೆಟ್ಟಿಲು ಹತ್ತಿದ ಹಾಗೆ ಏದುಸಿರು ಬಿಡುತ್ತಿದೆ. ಅಪರೂಪದ ಗುಂಪಿನ ರಕ್ತ ಯಾವ ಶಾಖೆಯಲ್ಲಿದೆ ಅಂತ ಕೇಳಿದರೆ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಹೋದ ವಾರ ಶಸ್ತ್ರಚಿಕಿತ್ಸಕರೊಬ್ಬರು ನನ್ನ ಮೇಜಿಗೇ ಬಂದು, “ನಿಮ್ಮ ಚಕ್ರ ನಿಲ್ಲೋ ಹೊತ್ತಿಗೆ ನನ್ನ ರೋಗಿಯ ಎದೆ ನಿಂತಿರುತ್ತೆ,” ಅಂದು ಹೋದರು. ಅವರೂ ಸಮಿತಿಯಲ್ಲಿದ್ದಾರೆ.

ಸಮಿತಿಯ ಪರವಾಗಿ ನನಗೆ ಮೂರು ವಿಷಯ ತಿಳಿಯಬೇಕು. ಒಂದು, ದಾಖಲೆಗಳು ಈಗಿರುವುದಕ್ಕಿಂತ ಹತ್ತು ಪಟ್ಟಾದರೂ ಇದೇ ವೇಗ ಉಳಿಯುತ್ತದೆಯೇ? ಎರಡು, ಹೊಸ ಶಾಖೆ ಸೇರಿಸಬೇಕಾದರೆ ಕೆಲಸ ನಿಲ್ಲಿಸಬೇಕೇ? ಮೂರು, ಎರಡು ಶಾಖೆಗಳ ನಡುವಿನ ಸಂಪರ್ಕ ಕಡಿದುಹೋದಾಗ ಒಂದೇ ಬ್ಯಾಗನ್ನು ಎರಡು ಆಸ್ಪತ್ರೆಗಳು ಕೇಳಿದರೆ ಏನಾಗುತ್ತದೆ?

ನಿನ್ನ ಹೆಂಡತಿ ಟೀಚರಮ್ಮನಿಗೆ ನನ್ನ ಪ್ರೀತಿ ಹೇಳು. ಮೂರು ತಿಂಗಳ ಬಸುರಿ ಅವಳು, ಶಾಲೆಯ ಮೆಟ್ಟಿಲು ಹತ್ತಿ ಇಳಿಯುವುದು ಕಡಿಮೆ ಮಾಡಲಿ.

ನಿನ್ನ,
ಅಕ್ಕ

 

ಫೆಬ್ರವರಿ ೧೪

ಅಕ್ಕಾ,

ಮೊದಲು ನಿರ್ದೇಶಕರಿಗೆ ನಮಸ್ಕಾರ. ಹೇಗೂ ಅವರೇ ತಾನೇ ಮೊದಲು ಓದುವುದು. ಸರ್, ನನ್ನ ಅಕ್ಷರ ಕೆಟ್ಟದಾಗಿದ್ದರೆ ಕ್ಷಮಿಸಿ, ತಿದ್ದಿಸಿದವಳು ನಿಮ್ಮ ದಾಖಲೆ ವಿಭಾಗದ ಮುಖ್ಯಸ್ಥೆಯೇ.

ನಿನ್ನ ಮೊದಲ ಪ್ರಶ್ನೆಗೆ ಎದೆ ತಟ್ಟಿ ಹೌದು ಅನ್ನುತ್ತೇನೆ. ನಮ್ಮದು ಎಲ್ಲ ದಾಖಲೆಯನ್ನೂ ಒಂದೇ ದೊಡ್ಡ ಯಂತ್ರದ ತಲೆಯ ಮೇಲೆ ಹೇರುವುದಿಲ್ಲ. ಹಲವು ಸಣ್ಣ ಯಂತ್ರಗಳಿಗೆ ಹಂಚುತ್ತದೆ. ದಾಖಲೆ ಬೆಳೆದರೆ ಇನ್ನೊಂದು ಯಂತ್ರ ತಂದಿಟ್ಟರಾಯಿತು. ಪ್ರತಿ ಶಾಖೆಯಲ್ಲೂ ಒಂದು ನಕಲು ಇರುತ್ತದೆ, ಕೇಳಿದವರಿಗೆ ಅಲ್ಲೇ ಪಕ್ಕದಿಂದ ಉತ್ತರ ಸಿಗುತ್ತದೆ. ಆ ಶಸ್ತ್ರಚಿಕಿತ್ಸಕರಿಗೆ ಹೇಳು, ಚಕ್ರ ತಿರುಗುವುದನ್ನು ಅವರು ಇನ್ನು ಆಟೋದಲ್ಲಿ ಮಾತ್ರ ನೋಡಬೇಕಾಗುತ್ತದೆ.

ಎರಡನೆಯದಕ್ಕೆ ಇಲ್ಲ, ಕೆಲಸ ನಿಲ್ಲಿಸಬೇಕಾಗಿಲ್ಲ. ಓಡುವ ರೈಲಿಗೆ ಡಬ್ಬಿ ಜೋಡಿಸಿದ ಹಾಗೆ ಹೊಸ ಶಾಖೆ ಸೇರಿಸಬಹುದು. ಈ ಭಾಗ ಬರೆದವನು ನಾನೇ ಅಂತ ಸ್ವಲ್ಪ ಜಂಬ ಕೊಚ್ಚಿಕೊಳ್ಳಲು ಬಿಡು. ಚಿತ್ರ ಹಂಚಿಕೊಳ್ಳುವವರು, ಹಾಡು ಕೇಳಿಸುವವರು, ಅಂಗಡಿ ನಡೆಸುವವರು, ಎಷ್ಟೋ ಜನ ಇದನ್ನೇ ನಂಬಿ ಕೂತಿದ್ದಾರೆ.

ಸಂಪರ್ಕ ಕಡಿಯುವುದು ತೀರಾ ಅಪರೂಪ. ಕಡಿದರೂ ಎಲ್ಲ ಶಾಖೆಗಳೂ ಕೆಲಸ ಮುಂದುವರಿಸುತ್ತವೆ. ಸಂಪರ್ಕ ಮರಳಿದ ಮೇಲೆ ನಕಲುಗಳು ತಾವಾಗಿಯೇ ಒಂದಕ್ಕೊಂದು ಹೊಂದಿಕೊಳ್ಳುತ್ತವೆ.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಉಳಿದದ್ದು ನಿನಗೆ ಗೊತ್ತೇ ಇದೆ.

ನಿನ್ನ,
ತಮ್ಮ

 

ಫೆಬ್ರವರಿ ೨೪

ತಮ್ಮಾ,

ಮೊದಲ ಎರಡು ಉತ್ತರಗಳನ್ನು ಸಮಿತಿಯಲ್ಲಿ ಓದಿದೆ. ನಿನ್ನ ರೈಲಿನ ಡಬ್ಬಿ ಎಲ್ಲರಿಗೂ ಹಿಡಿಸಿತು. ಶಸ್ತ್ರಚಿಕಿತ್ಸಕರು ನಗಲಿಲ್ಲ, ಆದರೆ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಅವರ ಮಟ್ಟಿಗೆ ಅದೇ ನಗು.

ಮೂರನೆಯ ಪ್ರಶ್ನೆಗೆ ನೀನು ಉತ್ತರ ಕೊಟ್ಟಿಲ್ಲ. ಕೊಟ್ಟ ಹಾಗೆ ಬರೆದಿದ್ದೀಯ. ಸಂಪರ್ಕ ಕಡಿಯುವುದು ಅಪರೂಪವೇ ಅಂತ ನಾನು ಕೇಳಿರಲಿಲ್ಲ. ಕಡಿದಾಗ ಆ ಒಂದು ಬ್ಯಾಗು ಏನಾಗುತ್ತದೆ ಅಂತ ಕೇಳಿದ್ದೆ. ‘ಹೊಂದಿಕೊಳ್ಳುತ್ತವೆ’ ಅಂದರೆ ಏನು? ಇಬ್ಬರಲ್ಲಿ ಯಾರು ಯಾರಿಗೆ ಹೊಂದಿಕೊಳ್ಳುತ್ತಾರೆ?

ಇನ್ನೊಂದು ಕಂಪನಿಯವರು ಇದೇ ಪ್ರಶ್ನೆಗೆ ನೇರವಾಗಿ ಉತ್ತರಿಸಿದ್ದಾರೆ. ಅವರದರಲ್ಲಿ ಹೆಚ್ಚಿನ ಯಂತ್ರಗಳು ಒಪ್ಪದೆ ಯಾವ ಬ್ಯಾಗೂ ಯಾರ ಹೆಸರಿಗೂ ಹೋಗುವುದಿಲ್ಲ. ಕಡಿದುಹೋದ ಕಡೆಯಲ್ಲಿರುವವರಿಗೆ ‘ಈಗ ಖಚಿತವಾಗಿ ಹೇಳಲಾಗದು’ ಅಂತ ಬರುತ್ತದಂತೆ. ಮಾಮೂಲಿ ದಿನದಲ್ಲೂ ನಿಮ್ಮದಕ್ಕಿಂತ ನಿಧಾನ. ದಾಖಲೆ ಬೆಳೆದ ಹಾಗೆ ಅವನ್ನು ವರ್ಷವಾರು, ಶಾಖೆವಾರು ಹಂಚುವ ಯೋಜನೆಯನ್ನು ನಾವೇ ಕೂತು ಮಾಡಬೇಕು. ಇದನ್ನು ಕೇಳಿ ಶಸ್ತ್ರಚಿಕಿತ್ಸಕರು ಸಿಡಿದರು. “ರಕ್ತ ಕೇಳಿದ್ರೆ ಗೊತ್ತಿಲ್ಲ ಅನ್ನೋ ಯಂತ್ರಕ್ಕೆ ನಾವ್ಯಾಕೆ ಮೊರೆ ಹೋಗ್ಬೇಕು?” ಅಂದರು. ಸಮಿತಿಯಲ್ಲಿ ಹೆಚ್ಚಿನವರು ನಿಮ್ಮ ಕಡೆಗೇ ವಾಲಿದ್ದಾರೆ.

ಮೊನ್ನೆ ನಮ್ಮ ಹಳೆಯ ವ್ಯವಸ್ಥೆ ಮಧ್ಯಾಹ್ನ ಇದ್ದಕ್ಕಿದ್ದಂತೆ ಮಲಗಿಬಿಟ್ಟಿತು. ಎದ್ದು ಕೂರುವವರೆಗೆ ಎಲ್ಲ ಶಾಖೆಗಳಿಗೂ ಬಾಯಲ್ಲೇ ಕೇಳಿ, ಬಾಯಲ್ಲೇ ಹೇಳಿ ದಬ್ಬಿದೆವು. ಹೀಗಾಗಿ ನಿರ್ದೇಶಕರಿಗೆ ಆತುರ. “ನಿಮ್ಮ ತಮ್ಮನ ಮೇಲೆ ನಿಮಗೇ ನಂಬಿಕೆ ಇಲ್ವಾ?” ಅಂತ ನಿನ್ನೆ ಕೇಳಿದರು. ನಾನು ಈ ಕಾಗದ ಬರೆಯಲು ಕೂತೆ.

ಉತ್ತರ ಬರೆ. ನೇರವಾಗಿ ಬರೆ.

ಅಕ್ಕ

 

ಮಾರ್ಚ್ ೯

ದಾಖಲೆ ವಿಭಾಗದ ಮುಖ್ಯಸ್ಥರಿಗೆ,

ನಿಮ್ಮ ಪತ್ರ ತಲುಪಿತು. ಇನ್ನು ಮುಂದೆ ತಾಂತ್ರಿಕ ಪ್ರಶ್ನೆಗಳಿಗೆಲ್ಲ ನಮ್ಮ ಮಾರಾಟ ವಿಭಾಗದ ಮುಖ್ಯಸ್ಥರೇ ಉತ್ತರಿಸುತ್ತಾರೆ. ಅವರು ಸಿದ್ಧಪಡಿಸಿದ ವಿವರಣೆ ಇದರೊಂದಿಗಿದೆ. ಮಾರ್ಚ್ ಕೊನೆಯ ವಾರ ನಿಮ್ಮ ಕೇಂದ್ರದಲ್ಲಿ ನಡೆಯುವ ಪ್ರಾತ್ಯಕ್ಷಿಕೆಗೆ ಅವರೇ ಬರುತ್ತಾರೆ. ಯಂತ್ರಗಳನ್ನು ಜೋಡಿಸಲು ನಾನೂ ಬರುತ್ತೇನೆ.

ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರವೆಂದಿರುವ ಮೂರನೆಯ ಪುಟವನ್ನು ನಾನು ಬರೆದಿಲ್ಲ.

ಇಂತಿ ನಮಸ್ಕಾರಗಳು,
ತಾಂತ್ರಿಕ ತಂಡದ ಪರವಾಗಿ

 

ಮಾರ್ಚ್ ೩೧

ಮಗಳೇ,

ಫೋನಿನಲ್ಲಿ ಕೇಳಿದರೆ ನೀನು ‘ಏನಿಲ್ಲಮ್ಮ’ ಅಂತೀಯ. ಅವನನ್ನು ಕೇಳಿದರೆ ಅವನೂ ‘ಏನಿಲ್ಲಮ್ಮ’ ಅಂತಾನೆ. ನಿಮ್ಮಿಬ್ಬರಿಗೂ ಮಾತು ಕಲಿಸಿದ್ದು ನಾನೇ ಆದರೂ ಈ ‘ಏನಿಲ್ಲಮ್ಮ’ ನಾನು ಕಲಿಸಿದ್ದಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಈ ಮನೆಯಲ್ಲಿ ಫೋನಿನಲ್ಲಿ ಮಾತಾಡಿದರೆ ಗೋಡೆಯಾಚೆ ಎಲ್ಲ ಕೇಳುತ್ತದೆ. ನಿನ್ನ ನಿರ್ದೇಶಕರ ಕಾಯಿದೆ ನಿಮ್ಮಿಬ್ಬರಿಗೆ, ನನಗೇನೂ ಅಲ್ಲವಲ್ಲ.

ನಿಮ್ಮಲ್ಲಿಗೆ ಹೋಗಿ ಬಂದಾಗಿನಿಂದ ಅವನು ಅವನಾಗಿಲ್ಲ. ಬಂದವನೇ ಶೂ ಕೂಡ ಬಿಚ್ಚದೆ ಕುರ್ಚಿಯಲ್ಲಿ ಕೂತ. “ಅಕ್ಕನ್ನ ನೋಡಿದ್ಯಾ?” ಅಂದೆ. “ನೋಡ್ದೆ,” ಅಂದ. “ಮಾತಾಡಿದ್ಯಾ?” ಅಂದರೆ, “ಎಲ್ಲರೆದುರಿಗೆ ಮಾತಾಡ್ದೆ,” ಅಂದು ಎದ್ದು ಹೋದ. ಅವತ್ತಿನಿಂದ ಕೆಲಸಕ್ಕೂ ಹೋಗುತ್ತಿಲ್ಲ. ರಜೆ ಹಾಕಿದ್ದೀನಿ ಅಂತಾನೆ. ರಜೆ ಹಾಕಿದವನು ಬೆಳಿಗ್ಗೆ ಎದ್ದು ಇಸ್ತ್ರಿ ಮಾಡಿದ ಅಂಗಿ ಯಾಕೆ ಹಾಕಿಕೊಳ್ಳಬೇಕು? ಹಾಕಿಕೊಂಡು ಕಿಟಕಿಯ ಹತ್ತಿರ ಯಾಕೆ ನಿಲ್ಲಬೇಕು?

ಸೊಸೆಗೆ ಐದು ತುಂಬಿತು. ಡಾಕ್ಟರು ಅವಳ ರಕ್ತದ ವಿಷಯ ಮತ್ತೆ ಎತ್ತಿದರು. ಅವಳ ಗುಂಪಿನವರು ಸಾವಿರಕ್ಕಲ್ಲ, ಲಕ್ಷಕ್ಕೂ ಒಬ್ಬರು ಸಿಗುವುದು ಕಷ್ಟವಂತೆ. ಹೆರಿಗೆಯ ಹೊತ್ತಿಗೆ ಎರಡು ಬ್ಯಾಗು ಎದುರಿಗೆ ಇಟ್ಟುಕೊಂಡೇ ಕೈ ಹಚ್ಚುವುದು ಅಂದರು. ಅವಳು ಧೈರ್ಯವಾಗಿಯೇ ಇದ್ದಾಳೆ. “ಅತ್ತಿಗೆ ಇರೋ ಕಡೆಯಿಂದ್ಲೇ ತಾನೇ ಬರೋದು, ನಂಗೇನು ಭಯ,” ಅಂತ ನನಗೇ ಸಮಾಧಾನ ಹೇಳುತ್ತಾಳೆ. ಅವಳು ಹಾಗಂದಾಗ ಇವನು ಮುಖ ಆ ಕಡೆ ತಿರುಗಿಸಿದ. ಅದನ್ನು ನಾನು ನೋಡಿದೆ. ಅವಳೂ ನೋಡಿದಳು ಅನ್ನಿಸುತ್ತದೆ.

ಅಲ್ಲಿ ಏನಾಯಿತು ಹೇಳು. ನೀನು ಅವನನ್ನು ಬೈದೆಯಾ? ಅವನು ನಿನ್ನನ್ನು ಬೈದನಾ? ಬೈದಾಡಿಕೊಂಡಿದ್ದರೆ ನನಗೆ ನೆಮ್ಮದಿ, ಅದು ನಿಮಗೆ ರೂಢಿ. ಬೇರೆ ಏನಾದರೂ ಆಗಿದ್ದರೆ ಬಿಚ್ಚಿ ಬರೆ.

ಅಳಿಯಂದಿರಿಗೆ ಆಶೀರ್ವಾದ. ಅವರಿಗೆ ಕಾಗದ ತೋರಿಸಬೇಡ, ನನ್ನ ಕಾಗುಣಿತಕ್ಕೆ ನಗುತ್ತಾರೆ.

ನಿನ್ನ,
ಅಮ್ಮ

 

ಏಪ್ರಿಲ್ ೫

ಅಮ್ಮಾ,

ಅವನು ಹೇಳಿರುವುದಿಲ್ಲ ಅಂದುಕೊಂಡಿದ್ದೆ. ಎಲ್ಲ ಬರೆಯುತ್ತೇನೆ. ಟೀಚರಮ್ಮನಿಗೆ ಹೇಳುವುದು ಬಿಡುವುದು ಅವನಿಗೇ ಬಿಟ್ಟದ್ದು.

ನಮ್ಮ ಮಹಡಿಯ ಸಭಾಂಗಣದಲ್ಲಿ ಉದ್ದನೆಯ ಮೇಜಿನ ಎರಡು ತುದಿಗೆ ಎರಡು ಕಂಪ್ಯೂಟರ್ ಇಟ್ಟಿದ್ದರು. ಎರಡು ಶಾಖೆ ಇದ್ದ ಹಾಗೆ ಲೆಕ್ಕ. ನಡುವೆ ಒಂದು ನೀಲಿ ಕೇಬಲ್ಲು. ಅದನ್ನು ಜೋಡಿಸಿದವನು ನಿನ್ನ ಮಗ. ನನ್ನನ್ನು ‘ಮೇಡಂ’ ಅಂದ, ನಾನೂ ‘ಕೂತ್ಕೊಳ್ಳಿ’ ಅಂದೆ. ಇಬ್ಬರಿಗೂ ಒಬ್ಬರ ಮುಖ ಒಬ್ಬರು ನೋಡಲಾಗಲಿಲ್ಲ. ಅವನು ಇಳಿದುಹೋಗಿದ್ದ ಅಮ್ಮ, ಕಾಲರ್ ಒಳಗೆ ಕತ್ತು ಅಲ್ಲಾಡುತ್ತಿತ್ತು.

ಅವರ ಮಾರಾಟದ ಮುಖ್ಯಸ್ಥ ಮಾತಿನಲ್ಲಿ ಬಹಳ ನಯ. ಕೆಟ್ಟ ಮನುಷ್ಯ ಅಂತ ನನಗೆ ಅನ್ನಿಸಲಿಲ್ಲ. ತಾನು ಹೇಳುತ್ತಿರುವುದನ್ನು ತಾನೇ ನಂಬಿದ್ದ. ದಾನಿಗಳ ದಾಖಲೆ ಹುಡುಕಿ ತೋರಿಸಿದ, ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ. ಲಕ್ಷಗಟ್ಟಲೆ ದಾಖಲೆ ಒಮ್ಮೆಲೇ ಸುರಿದ, ಆಗಲೂ ಅದೇ ವೇಗ. ಶಸ್ತ್ರಚಿಕಿತ್ಸಕರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ನಿರ್ದೇಶಕರು ಗಡಿಯಾರ ನೋಡಿ, “ಇನ್ನೇನು ಕೇಳೋದಿದೆ? ಮುಗಿಸೋಣ್ವಾ?” ಅಂದರು. ಆಗ ನಾನು ಅದೇ ಪ್ರಶ್ನೆ ಕೇಳಿದೆ. ಸಂಪರ್ಕ ಕಡಿದಾಗ ಒಂದೇ ಬ್ಯಾಗಿಗೆ ಇಬ್ಬರು ಕೈಚಾಚಿದರೆ?

ಮುಖ್ಯಸ್ಥ ನಗುತ್ತಾ, “ಅಂಥ ಸಂದರ್ಭ ಬರೋದೇ ಇಲ್ಲ ಮೇಡಂ,” ಅಂದ.

“ಬಂದ್ರೆ?”

“ನಮ್ಮ ವ್ಯವಸ್ಥೆ ನೋಡ್ಕೊಳ್ಳುತ್ತೆ.”

“ಹೇಗೆ ನೋಡ್ಕೊಳ್ಳುತ್ತೆ?”

ನಿರ್ದೇಶಕರು ನನ್ನ ಕಡೆ ತಿರುಗಿ, ಸಾಕು ಅನ್ನುವ ಹಾಗೆ ಕೈಯೆತ್ತಿದರು. ಅಷ್ಟರಲ್ಲಿ ಕುರ್ಚಿ ಸರಿದ ಸದ್ದಾಯಿತು. ಇವನು ಎದ್ದು ಮೇಜಿನ ನಡುವೆ ಬಂದ. ಮುಖ್ಯಸ್ಥ ಮೆಲ್ಲಗೆ, “ನೀವು ಕೂತ್ಕೊಳ್ಳಿ,” ಅಂದ. ಕೂರಲಿಲ್ಲ. ಬಗ್ಗಿ ಆ ನೀಲಿ ಕೇಬಲ್ಲು ಕಿತ್ತು ಕೈಯಲ್ಲಿ ಹಿಡಿದುಕೊಂಡ.

“ಸರ್, ಆ ಕಡೆಯಿಂದ ನೀವು ಬ್ಯಾಗ್ ಕೇಳಿ,” ಅಂತ ಶಸ್ತ್ರಚಿಕಿತ್ಸಕರಿಗೆ ಹೇಳಿದ. ನನ್ನ ಕಡೆ ತಿರುಗಿ, “ಅಕ್ಕಾ, ನೀನು ಈ ಕಡೆಯಿಂದ ಅದೇ ಬ್ಯಾಗ್ ಕೇಳು,” ಅಂದ. ‘ಮೇಡಂ’ ಎಲ್ಲಿ ಹೋಯಿತೋ!

ಅವರು ಒತ್ತಿದರು, ಪರದೆಯ ಮೇಲೆ ಹಸಿರು ಗುರುತು ಬಂತು, ‘ನಿಮಗಾಗಿ ಕಾಯ್ದಿರಿಸಲಾಗಿದೆ’ ಅಂತ. ಆಮೇಲೆ ನಾನು ಒತ್ತಿದೆ. ನನಗೂ ಹಸಿರು. ಒಂದು ಬ್ಯಾಗಿಗೆ ಎರಡು ‘ಹೌದು’. ಇವನು ಕೇಬಲ್ಲನ್ನು ಮತ್ತೆ ಚುಚ್ಚಿದ. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು. ಶಸ್ತ್ರಚಿಕಿತ್ಸಕರ ಪರದೆಯ ಮೇಲಿನ ಹಸಿರು ಸದ್ದಿಲ್ಲದೆ ಮಾಯವಾಯಿತು.

“ನನ್ನದು ಎಲ್ಲೋಯ್ತು?” ಅಂದರು ಅವರು.

“ಇಬ್ಬರು ಬರೆದಿದ್ರೆ ಕೊನೆಗೆ ಬರೆದವರದ್ದು ಉಳಿಯುತ್ತೆ ಸರ್. ಮೊದಲಿನದು ಅಳಿಸಿಹೋಗುತ್ತೆ.”

“ನನ್ನ ರೋಗಿ ಟೇಬಲ್ ಮೇಲಿದಾಳೆ ಅಂದ್ಕೊಳ್ಳಿ. ಹೊಟ್ಟೆ ತೆರೆದಾಗಿದೆ. ಬ್ಯಾಗ್ ಹೋಯ್ತು ಅಂತ ನನಗೆ ಯಾರು ಹೇಳ್ತಾರೆ?”

“ಯಾರೂ ಹೇಳಲ್ಲ ಸರ್.”

ಅವನು ಅಷ್ಟಕ್ಕೇ ನಿಲ್ಲಿಸಲಿಲ್ಲ. “ಇದು ಕೆಟ್ಟ ಸಾಮಾನಲ್ಲ ಸರ್. ಒಂದು ಹಾಡನ್ನ ಎಷ್ಟು ಜನ ಕೇಳಿದ್ರು ಅನ್ನೋ ಲೆಕ್ಕದಲ್ಲಿ ಒಂದೆರಡು ಹೆಚ್ಚುಕಮ್ಮಿ ಆದ್ರೆ ಯಾರೂ ಸಾಯಲ್ಲ. ಆ ಕೆಲಸಕ್ಕೆ ಇದಕ್ಕಿಂತ ಒಳ್ಳೇದು ಸಿಗಲ್ಲ. ರಕ್ತಕ್ಕೆ ಇದು ಬೇಡ. ಇದನ್ನ ಸರಿ ಮಾಡಬಹುದು, ಸಮಯ ಬೇಕು ಅಂತ ಆಫೀಸಿನಲ್ಲಿ ಕೇಳಿದ್ದೆ. ಮೊದಲು ಮಾರಾಟ ಆಗ್ಲಿ ಅಂದ್ರು,” ಅಂದ.

ಮುಖ್ಯಸ್ಥ ತನ್ನ ಕಾಗದಪತ್ರ ಜೋಡಿಸಿಕೊಂಡು ಎದ್ದ. ಹೋಗುವಾಗ ಇವನಿಗೆ, “ನಾಳೆಯಿಂದ ನೀವು ಬರೋದು ಬೇಡ ಅನ್ಸುತ್ತೆ,” ಅಂದದ್ದು ಬಾಗಿಲ ಹತ್ತಿರವಿದ್ದ ನನಗೆ ಕೇಳಿಸಿತು. ಅದಕ್ಕೇ ಅಮ್ಮ ಇಸ್ತ್ರಿ ಅಂಗಿ, ಕಿಟಕಿ.

ಇನ್ನೊಂದನ್ನೂ ಕೇಳು. ಇಷ್ಟಾದ ಮೇಲೂ ಸಮಿತಿಯಲ್ಲಿ ಒಬ್ಬರು, ಇದು ಅಕ್ಕ ತಮ್ಮ ಸೇರಿ ಆಡಿದ ನಾಟಕ, ಇನ್ನೊಂದು ಕಂಪನಿಯವರು ಇಬ್ಬರನ್ನೂ ಕೊಂಡುಕೊಂಡಿರಬೇಕು ಅಂದರು. ಶಸ್ತ್ರಚಿಕಿತ್ಸಕರು ಅವರನ್ನು ತಡೆದರು. ನಿರ್ದೇಶಕರು ತಡೆಯಲಿಲ್ಲ. ತೀರ್ಮಾನ ಇನ್ನೂ ಆಗಿಲ್ಲ. ಅದಕ್ಕೇ ನಾನು ಅವನಿಗೆ ಫೋನ್ ಮಾಡಿಲ್ಲ. ಈಗ ಮಾಡಿದರೆ ಅವನು ಮಾಡಿದ್ದಕ್ಕೆ ಬೆಲೆಯೇ ಇಲ್ಲದಂತಾಗುತ್ತದೆ. ಬೈಗುಳ ಏನೂ ಆಗಲಿಲ್ಲ ಅಮ್ಮ. ಆಗಿದ್ದರೆ ಚೆನ್ನಾಗಿತ್ತು.

ನಿನ್ನ,
ಮಗಳು

 

ಮೇ ೧೯

ತಮ್ಮಾ,

ಇದನ್ನು ನಿರ್ದೇಶಕರು ಓದಿಲ್ಲ. ನಿನ್ನೆ ತೀರ್ಮಾನವಾಯಿತು, ಹಾಗಾಗಿ ಕಾಯಿದೆಯೂ ಮುಗಿಯಿತು. ಆದರೂ ಫೋನ್ ಎತ್ತಿಕೊಂಡು ಮತ್ತೆ ಇಟ್ಟೆ. ಹೇಳಬೇಕಾದದ್ದು ಬಾಯಿಗೆ ಬರುವುದಿಲ್ಲ.

ಇನ್ನೊಂದು ಕಂಪನಿಯದನ್ನೇ ಆರಿಸಿದೆವು. ಅದು ನಿಧಾನ ಅನ್ನುವುದು ಉಳಿಯಿತು. ಹಳೆಯ ವರ್ಷಗಳ ದಾಖಲೆಯನ್ನು ಬೇರೆ ಯಂತ್ರಕ್ಕೆ ಸರಿಸಿ, ಈ ಹೊತ್ತಿಗೆ ಬೇಕಾದದ್ದನ್ನಷ್ಟೇ ಮುಂದಿಟ್ಟುಕೊಂಡರೆ ವೇಗ ಸಾಕಾಗುತ್ತದೆ ಅಂತ ಪರೀಕ್ಷೆ ಮಾಡಿ ತೋರಿಸಿದೆ. ಆ ಹಂಚಿಕೆ ಮಾಡುವುದರಲ್ಲೇ ಈ ತಿಂಗಳು ಕಳೆಯಿತು. ಜೂನ್ ಕೊನೆಗೆ ಎಲ್ಲ ಆಸ್ಪತ್ರೆಗಳಿಗೂ ತಲುಪಬೇಕು. ನಿಮ್ಮ ಊರಿನ ಆಸ್ಪತ್ರೆಯನ್ನೂ ಸೇರಿಸಿದ್ದೇವೆ.

ಒಂದು ಹಟ ಹಿಡಿದು ಸೇರಿಸಿದ್ದೇನೆ. ಸಂಪರ್ಕ ಕಡಿದಾಗ ಬ್ಯಾಗುಗಳ ವಿಷಯ ಯಂತ್ರ ಏನೂ ಹೇಳಬಾರದು. ಆದರೆ ಅಪರೂಪದ ಗುಂಪಿನ ದಾನಿಗಳ ಹೆಸರು, ಫೋನ್ ನಂಬರುಗಳನ್ನು ಮಾತ್ರ ತೋರಿಸಬೇಕು, ‘ಹಳೆಯದಿರಬಹುದು’ ಅನ್ನುವ ಎಚ್ಚರಿಕೆಯ ಜೊತೆ. ಒಂದೇ ಬ್ಯಾಗು ಇಬ್ಬರ ಹೆಸರಿಗೆ ಹೋದರೆ ಒಬ್ಬರ ಜೀವ ಹೋಗಬಹುದು. ಒಬ್ಬ ದಾನಿಗೆ ಇಬ್ಬರು ಫೋನ್ ಮಾಡಿದರೆ ಏನೂ ಕೆಡುವುದಿಲ್ಲ. ನೀನಿದ್ದಿದ್ದರೆ ಇದನ್ನು ಇನ್ನೂ ಚೆನ್ನಾಗಿ ಯೋಚಿಸುತ್ತಿದ್ದೆ.

ನಮ್ಮಲ್ಲಿ ನಿನಗೆ ಕೆಲಸ ಕೇಳಲು ನನ್ನಿಂದಾಗದು. ಯಾಕೆ ಅಂತ ನಿನಗೆ ಗೊತ್ತು. ಗ್ರಂಥಾಲಯಗಳ ಒಕ್ಕೂಟದಲ್ಲಿ ಏನೋ ಮಾತುಕತೆ ನಡೆಯುತ್ತಿದೆ ಅಂತ ಅಮ್ಮ ಹೇಳಿದಳು. ಆಗಲಿ.

ಟೀಚರಮ್ಮ ಹೇಗಿದ್ದಾಳೆ? ಅವಳ ಹೆಸರಿಗೆ ಎರಡು ಬ್ಯಾಗು ಕಾಯ್ದಿರಿಸಲು ಅವಳ ಡಾಕ್ಟರಿಂದ ಕೋರಿಕೆ ಬಂದಿದೆ. ಬೇರೆಯವರ ಕೋರಿಕೆ ಹೇಗೋ ಹಾಗೇ ಅದೂ ಸಾಲಿನಲ್ಲಿ ಹೋಯಿತು. ನಾನು ಮುಟ್ಟಲಿಲ್ಲ. ಮುಟ್ಟಬೇಕು ಅನ್ನಿಸಲಿಲ್ಲ ಅಂತ ಹೇಳಲಾರೆ.

ನಿನ್ನ,
ಅಕ್ಕ

 

ಜುಲೈ ೨೩

ಅಕ್ಕಾ,

ಮಗಳು ಹುಟ್ಟಿ ವಾರ ಕಳೆಯಿತು. ನೀನು ಬಂದಿಲ್ಲ. ಫೋನ್ ಮಾಡಿದರೆ ಭಾವ ಎತ್ತಿ, “ಅವಳು ಸ್ನಾನಕ್ಕೆ ಹೋಗಿದಾಳೆ,” ಅಂತಾರೆ. ಇಷ್ಟು ಸ್ನಾನ ನೀನು ಯಾವತ್ತೂ ಮಾಡಿದವಳಲ್ಲ. ನೀನು ಯಾಕೆ ಬರುತ್ತಿಲ್ಲ ಅಂತ ಅಮ್ಮ ಊಹಿಸಿದ್ದಾಳೆ, ನಾನೂ ಊಹಿಸಿದ್ದೇನೆ. ಅಂದು ಈ ಕಡೆ ಏನಾಯಿತು ಅಂತ ನಿನಗೆ ಆಸ್ಪತ್ರೆಯ ವರದಿಯಿಂದ ಗೊತ್ತಾಗಿರುತ್ತದೆ. ವರದಿಯಲ್ಲಿ ಬರದೇ ಇರುವುದನ್ನು ನಾನು ಬರೆಯುತ್ತೇನೆ.

ಹೆರಿಗೆ ಸುಸೂತ್ರವಾಗಿಯೇ ಆಯಿತು. ಬೆಳಿಗ್ಗೆ ಮಗು ಅತ್ತ ಸದ್ದು ಕೇಳಿ ಅಮ್ಮ ಕಣ್ಣೊರೆಸಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ಟೀಚರಮ್ಮನಿಗೆ ರಕ್ತ ಹೋಗಲು ಶುರುವಾಯಿತು. ನಿಲ್ಲಲಿಲ್ಲ. ಎದುರಿಗಿಟ್ಟುಕೊಂಡಿದ್ದ ಎರಡು ಬ್ಯಾಗೂ ಮುಗಿದವು. ಇನ್ನೂ ಬೇಕು ಅಂದರು ಡಾಕ್ಟರು. ನರ್ಸ್ ಕಂಪ್ಯೂಟರಿನ ಮುಂದೆ ಕೂತು ಕೇಳಿದಳು. ಪರದೆಯ ಮೇಲೆ ‘ಈಗ ಖಚಿತವಾಗಿ ಹೇಳಲಾಗದು’ ಅಂತ ಬಂತು. ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿ ಪೈಪ್ ಹಾಕಲು ಅಗೆಯುತ್ತಿದ್ದವರು ಕೇಬಲ್ ಕತ್ತರಿಸಿಬಿಟ್ಟಿದ್ದರು. ಅದು ಆಮೇಲೆ ತಿಳಿದದ್ದು. ಆಗ ಗೊತ್ತಿದ್ದದ್ದು ಅಷ್ಟೇ, ಒಳಗೆ ಅವಳು, ಹೊರಗೆ ಈ ಪರದೆ.

ನರ್ಸ್ ಮತ್ತೆ ಒತ್ತಿದಳು. ಮತ್ತೆ ಅದೇ. ಬೆಳಿಗ್ಗೆಯ ಮಾಹಿತಿಯ ಪ್ರಕಾರ ನಮ್ಮ ಊರಿನ ಶಾಖೆಯಲ್ಲೇ ಒಂದು ಬ್ಯಾಗಿತ್ತು ಅಂತ ಅವಳಿಗೆ ನೆನಪಿತ್ತು. ಫೋನ್ ಮಾಡಿದರೆ ಶಾಖೆಯ ಫೋನೂ ಅದೇ ಕೇಬಲ್ಲಿನದು, ಸತ್ತಿತ್ತು. ನಾನು ಏನು ಮಾಡಿದೆ ಗೊತ್ತಾ? ಆ ಪರದೆಗೆ ಬಾಯಿಗೆ ಬಂದ ಹಾಗೆ ಬೈದೆ. “ಹೌದು ಅನ್ನೋ! ಒಂದ್ಸಲ ಹೌದು ಅನ್ನೋ!” ಅಂತ ಕೂಗಿದೆ. ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನ್ನ ಹಳೆಯ ಕಂಪನಿಯದಾಗಿದ್ದರೆ ಇಷ್ಟು ಹೊತ್ತಿಗೆ ಹಸಿರು ಗುರುತು ತೋರಿಸುತ್ತಿತ್ತು, ಆಂಬುಲೆನ್ಸ್ ಹೊರಟಿರುತ್ತಿತ್ತು ಅನ್ನಿಸಿತು. ನಿನ್ನ ಮೇಲೆ ಕೆಟ್ಟ ಸಿಟ್ಟು ಬಂತು. ನನ್ನ ಮೇಲೂ ಬಂತು. ಅಂದು ಸಭೆಯಲ್ಲಿ ಆ ನೀಲಿ ಕೇಬಲ್ಲನ್ನು ನಾನೇ ಯಾಕೆ ಕಿತ್ತೆನೋ ಅನ್ನಿಸಿತು. ಇದನ್ನು ನಿನಗೆ ಹೇಳದೆ ಇದ್ದರೆ ನೀನು ಬಂದಾಗ ನಿನ್ನ ಮುಖ ನೋಡಲು ನನಗಾಗುವುದಿಲ್ಲ.

ಡಾಕ್ಟರು ಹೊರಗೆ ಬಂದು ಪರದೆ ನೋಡಿದರು. ನನ್ನ ಹಾಗೆ ಕೂಗಲಿಲ್ಲ. “ಗೊತ್ತಿಲ್ಲ ಅಂದ್ರೆ ಇಲ್ಲ ಅಂತಾನೇ ಇಟ್ಕೊಳ್ಳಿ. ದಾನಿಗಳಿಗೆ ಫೋನ್ ಹಚ್ಚಿ, ನಿಮ್ಮ ನಿಮ್ಮ ಮೊಬೈಲಿಂದ್ಲೇ,” ಅಂದು ಒಳಗೆ ಹೋದರು. ನೀನು ಹಟ ಹಿಡಿದು ಉಳಿಸಿದ ಆ ದಾನಿಗಳ ಪಟ್ಟಿ ಪರದೆಯ ಕೆಳಗಿತ್ತು. ನರ್ಸ್ ಮೊದಲ ಹೆಸರಿಗೆ ಮಾಡಿದಳು, ಆ ನಂಬರು ಈಗ ಬೇರೆ ಯಾರದೋ. ಎರಡನೆಯವರು ಊರಲ್ಲಿಲ್ಲ. ಮೂರನೆಯವರು ಎತ್ತಲಿಲ್ಲ. ಅಷ್ಟರಲ್ಲಿ ಅಮ್ಮ ತನ್ನ ಫೋನಿನಿಂದ ಮೂರನೆಯವರಿಗೇ ಮತ್ತೆ ಮತ್ತೆ ಮಾಡುತ್ತಿದ್ದಳು. ಕೊನೆಗೆ ಆಕೆ ಎತ್ತಿದರು. ಮಕ್ಕಳಿಗೆ ಈಜು ಕಲಿಸುವವರಂತೆ, ನೀರಿನಲ್ಲಿದ್ದರಂತೆ. ಅಮ್ಮ ತನ್ನ ಹೆಸರು ಹೇಳುವುದನ್ನೂ ಮರೆತು, “ನನ್ನ ಸೊಸೆ ಹೋಗ್ತಾ ಇದಾಳಮ್ಮಾ, ಬಾ,” ಅಂದಳು. ಅಷ್ಟೇ ಅಂದದ್ದು.

ಆಕೆ ಒದ್ದೆ ಕೂದಲಲ್ಲೇ ಸ್ಕೂಟರ್ ಹತ್ತಿ ಬಂದರು. ಪರೀಕ್ಷೆಗಳಲ್ಲಿ ತುರ್ತಾಗಿ ಮಾಡಬಹುದಾದಷ್ಟನ್ನು ಮಾಡಿ ರಕ್ತ ತೆಗೆದುಕೊಂಡರು. ಮಲಗಿದ್ದಲ್ಲಿಂದಲೇ ಆಕೆ ನನ್ನನ್ನು, “ಮಗು ಯಾವುದು? ಹೆಣ್ಣಾ?” ಅಂತ ಕೇಳಿದರು. ನಾನು ನರ್ಸಿನ ಮುಖ ನೋಡಿದೆ ಅಕ್ಕಾ. ಬೆಳಿಗ್ಗೆಯಿಂದ ನಾನು ಮಗುವನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

ಸಂಜೆ ಸಂಪರ್ಕ ಬಂತು. ನಮ್ಮ ಊರಿನ ಶಾಖೆಯ ಆ ಬ್ಯಾಗು ಕೇಬಲ್ ಕತ್ತರಿಸುವ ಅರೆಗಳಿಗೆ ಮೊದಲು, ಆ ಸುದ್ದಿ ನಮ್ಮ ಆಸ್ಪತ್ರೆಗೆ ತಲುಪುವಷ್ಟರೊಳಗೆ, ಬೇರೊಂದು ಆಸ್ಪತ್ರೆಗೆ ಹೋಗಿತ್ತಂತೆ. ಬೆಂಕಿಯಲ್ಲಿ ಸುಟ್ಟುಕೊಂಡಿದ್ದ ಒಬ್ಬನಿಗೆ. ನರ್ಸ್ ಇದನ್ನು ಮಾಮೂಲಿ ಸುದ್ದಿಯ ಹಾಗೆ ಹೇಳಿ ಹೋದಳು. ಹಸಿರು ಗುರುತು ನಂಬಿ ಆಂಬುಲೆನ್ಸ್ ಹೋಗಿ, ಖಾಲಿ ಕೈಯಲ್ಲಿ ವಾಪಸ್ ಬಂದ ಮೇಲೆ ಯಾರಾದರೂ ಆ ಈಜಿನ ಟೀಚರಿಗೆ ಫೋನ್ ಮಾಡುತ್ತಿದ್ದರು. ಮುಂದಿನದು ಬರೆಯುವುದಿಲ್ಲ.

ಇದರಿಂದ ನನ್ನ ಸಿಟ್ಟು ತಪ್ಪು ಅಂತ ಗೊತ್ತಾಯಿತು ಅಂತ ಬರೆದರೆ ಚೆನ್ನಾಗಿ ಕಾಣುತ್ತದೆ. ಆದರೆ ನಿಜ ಹಾಗಿಲ್ಲ. ಆ ಕಾರಿಡಾರಿನಲ್ಲಿ ನೀನು ಬಂದು ‘ಎರಡರಲ್ಲಿ ಯಾವುದು ಬೇಕು ಹೇಳು’ ಅಂದಿದ್ದರೆ ಸುಳ್ಳು ಹೇಳುವುದನ್ನೇ ಕೇಳುತ್ತಿದ್ದೆ. ಕಾಲು ಹಿಡಿದು ಕೇಳುತ್ತಿದ್ದೆ. ನಮ್ಮವರು ಯಾರೂ ಮಂಚದ ಮೇಲೆ ಇಲ್ಲದಾಗಲೇ ಆ ತೀರ್ಮಾನ ಆಗಿಹೋಗಿದ್ದು ಒಳ್ಳೆಯದಾಯಿತು. ಅಂದು ಆ ಕಡೆ ಕೂತು ನೀನು ಏನು ಅನುಭವಿಸಿದೆಯೋ ನನಗೆ ಗೊತ್ತಿಲ್ಲ. ನಿನ್ನ ಪರದೆಯ ಮೇಲೆ ನಮ್ಮ ಆಸ್ಪತ್ರೆ ಕಡಿದುಹೋಗಿರುವುದು ಕಾಣುತ್ತಿದ್ದಿರಬೇಕು. ಯಾರ ಹೆರಿಗೆ ಅಲ್ಲಿದೆ ಅಂತಲೂ ನಿನಗೆ ಗೊತ್ತಿತ್ತು. ನೀನು ಆರಿಸಿದ ಯಂತ್ರ ಅವಳಿಗೆ ಉತ್ತರ ಕೊಡಲಿಲ್ಲ ಅಂತಲೇ ನೀನು ಬರುತ್ತಿಲ್ಲ, ಇದೇ ನಮ್ಮ ಊಹೆ.

ಟೀಚರಮ್ಮ ಈಗ ಎದ್ದು ಕೂರುತ್ತಾಳೆ. ಮುಖ ಇನ್ನೂ ಬಿಳಚಿಕೊಂಡಿದೆ, ಆದರೆ ನನ್ನ ಅಕ್ಷರ ನೋಡಿ ತಪ್ಪು ಎಣಿಸುವಷ್ಟು ಚೇತರಿಸಿಕೊಂಡಿದ್ದಾಳೆ. ಮಗುವಿನ ರಕ್ತ ಪರೀಕ್ಷೆ ಮಾಡಿಸಿದೆವು. ತಾಯಿಯ ಗುಂಪಲ್ಲ. ತೀರಾ ಮಾಮೂಲಿ ಗುಂಪು, ನಾಲ್ಕು ಹೆಜ್ಜೆಗೆ ಒಬ್ಬರು ಸಿಗುವಂಥದ್ದು. ಡಾಕ್ಟರು ಅದನ್ನು ಹೇಳಿದಾಗ ಅಮ್ಮ ಅವರ ಎರಡೂ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಮಾಮೂಲಿಯಾಗಿರುವುದು ಎಷ್ಟು ದೊಡ್ಡ ವಿಷಯ ಅಂತ ನನಗೆ ಈ ವಯಸ್ಸಿನಲ್ಲಿ ತಿಳಿಯಿತು.

ಅಕ್ಕಾ, ಈ ಭಾನುವಾರ ಬಾ. ಸ್ನಾನ ಮುಗಿಸಿಯೇ ಬಾ. ಮಗುವನ್ನು ಆಮೇಲೆ ಎತ್ತಿಕೊಳ್ಳುವಿಯಂತೆ. ಮೊದಲು ಟೀಚರಮ್ಮನ ಪಕ್ಕ ಕೂತುಕೋ. ಅವಳು ನಿನಗೆ ಏನೋ ಹೇಳಬೇಕಂತೆ. ಏನು ಅಂತ ಕೇಳಿದ್ದಕ್ಕೆ, “ನಿನ್ನ ಅಕ್ಕನಿಗೆ ಹೇಳೋದು, ನಿನಗಲ್ಲ,” ಅಂತ ನನ್ನನ್ನು ಕೋಣೆಯಿಂದ ಆಚೆ ಕಳಿಸಿದ್ದಾಳೆ. ಬಾಗಿಲಾಚೆ ಕೂತು ಇದನ್ನು ಬರೆಯುತ್ತಿದ್ದೇನೆ.

ನಿನ್ನ ದಾರಿ ನೋಡುತ್ತಿರುವ,
ತಮ್ಮ